ಪದಚರ್ಚೆ: ಬಾಯಿಂದ ಮದ್ದು ತುಂಬುವ ‘ಇನ್‌ಲೈನ್’ ಕೋವಿಗೆ ಏನನ್ನೋಣ? (ತುರ್ತು)

[ಡೆನ್ವರ್‌ನಿಂದ, ಪ್ರಶ್ನೆ]

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ಒಂದು ಲೇಖನ ಬರೆದಿದ್ದೇನೆ. ನಾಳೆ ರಾತ್ರಿ ಅಚ್ಚಿಗೆ ಹೋಗುತ್ತೆ. ನಾನೂ ಇಲ್ಲಿನ ಒಬ್ಬ ಗೆಳೆಯನೂ ಸೇರಿ ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಅಂತ ಮಾಡಿಕೊಂಡ ಇನ್‌ಲೈನ್ ಮಜಲ್‌ಲೋಡರ್ ರೈಫಲ್ ಬಗ್ಗೆ ಲೇಖನ. ನಳಿಗೆ ಬೇರೆ ಕಡೆಯಿಂದ ತರಿಸಿ, ಲೇತ್‌ನಲ್ಲಿ ಹಿಂಬದಿಗೆ ತಿರುಪು ಕಡೆದು, ಮರದ ಹಿಡಿ ಕೆತ್ತಿ ಕೂರಿಸಿದ್ದು. ಮಾಡಿದ್ದನ್ನೆಲ್ಲ ಬರೆದಾಯ್ತು, ಹೆಸರೇ ಸಿಕ್ಕಿಲ್ಲ.

ಇದರಲ್ಲಿ ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ಹಾಕಿ ಸಲಾಕೆಯಲ್ಲಿ ಜಡಿಯುವುದು. ಅಷ್ಟರ ಮಟ್ಟಿಗೆ ಹಳೇ ಕೋವಿಯೇ. ಆದರೆ ಕೇಪು, ಅಂದರೆ ಬಡಿದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಲೋಹದ ಬಟ್ಟಲು, ಪಕ್ಕದಲ್ಲಿರುವುದಿಲ್ಲ. ನಳಿಗೆಯ ಹಿಂಬದಿ ಮುಚ್ಚುವ ತಿರುಪಿನ ಬಿರಡೆಯ ಹಿಂದೆ, ಮದ್ದಿಗೆ ನೇರವಾಗಿ ಕೂತಿರುತ್ತೆ. ಬಿರಡೆಯ ನಡುವೆ ಸೂಜಿಯಷ್ಟು ಸಣ್ಣ ತೂತು. ಬೆಂಕಿ ಎಲ್ಲೂ ತಿರುಗದೆ ಸೀದಾ ಮದ್ದಿಗೆ ತಗಲುತ್ತೆ. ಮಿಸ್ಸೋರಿಯ ಟೋನಿ ನೈಟ್ ಅನ್ನುವವರು 1985ರಲ್ಲಿ ಎಂಕೆ-85 ತಂದ ಮೇಲೆ ಅಮೆರಿಕದಲ್ಲಿ ಈ ಜಾತಿಯ ಕೋವಿ ಮನೆಮಾತಾಯಿತು.

ಬೇಕಾಗಿರುವುದು: ಇಡೀ ಕೋವಿಗೆ ಒಂದು ಹೆಸರು. ‘ಇನ್‌ಲೈನ್’ ಅನ್ನುವುದಕ್ಕೆ ಒಂದು ಪದ. ಮತ್ತೆ ಎಲ್ಕ್‌ಗೆ ಕಡವೆ ಅಂತ ಬರೆಯಬಹುದಾ?

[ತೀರ್ಥಹಳ್ಳಿಯಿಂದ]

ಕೇಪಿನ ಕೋವಿ. ಇದಕ್ಕೆ ಚರ್ಚೆ ಯಾಕೆ? ನಮ್ಮ ಕಡೆ ಎರಡೇ ಜಾತಿ. ಬಾಯಿಂದ ತುಂಬಿ ಕೇಪು ಇಟ್ಟು ಹೊಡೆಯುವುದು ಕೇಪಿನ ಕೋವಿ, ನಳಿಗೆ ಮಡಚಿ ತೋಟಾ ಹಾಕುವುದು ತೋಟಾ ಕೋವಿ. ಮದ್ದು ಹುಯ್ಯಿ, ನಾರು ತುರುಕು, ಚರೆ (ಸೀಸದ ಸಣ್ಣ ಗುಂಡುಗಳು) ಹಾಕು, ಮತ್ತೆ ನಾರು, ಜಡಿ. ಕೊನೆಗೆ ಕೇಪು. ಈಡು ತುಂಬಿದ ಕೋವಿ ಅಂದರೆ ಮಲೆನಾಡಿನ ಯಾವ ಮುದುಕರಿಗೂ ತಿಳಿಯುತ್ತೆ. ಕೇಪು ಪಕ್ಕಕ್ಕಿದ್ದರೇನು, ಹಿಂದಕ್ಕಿದ್ದರೇನು.

[ಬೆಂಗಳೂರಿನಿಂದ]

‘ಕೇಪು’ ಕನ್ನಡವೇ ಅಲ್ಲ. ಇಂಗ್ಲಿಷಿನವರ ಟೋಪಿ. ಅದನ್ನು ಮಲೆನಾಡಿನ ಮುದುಕರು ಹೇಳಿದರು ಅಂತ ಕನ್ನಡವಾಗುವುದಿಲ್ಲ.

ನಮ್ಮದೇ ಆದ ‘ಕೋವಿ’ ಇದೆ. ಕೊಳವಿ, ಕೊಳವೆ, ಕೋವಿ ಎಲ್ಲ ಒಂದೇ ಬಳ್ಳಿಯವು ಅಂತ ನಾನು ಮೊದಲಿಂದ ಹೇಳುತ್ತಾ ಬಂದಿದ್ದೇನೆ. ‘ಬಂದೂಕು’ ಅರಬ್ಬಿಯಿಂದ ಪಾರಸಿಗೆ ಹೋಗಿ ಇಲ್ಲಿಗೆ ಬಂದದ್ದು, ‘ತುಪಾಕಿ’ ತುರ್ಕಿಯದು. ಎರಡನ್ನೂ ಬಿಡಿ. ನನ್ನ ಸಲಹೆ: ಬಾಯಿಂದ ತುಂಬುವುದಕ್ಕೆ ‘ಬಾಯ್ದುಂಬು ಕೋವಿ’, ಇನ್‌ಲೈನಿಗೆ ‘ನೇರ್ಗಿಡಿ’. ಎರಡೂ ಸೇರಿ ‘ನೇರ್ಗಿಡಿ ಬಾಯ್ದುಂಬು ಕೋವಿ’. ಕೇಪಿಗೆ ‘ಕಿಡಿಬಟ್ಟಲು’. ಲೇಖನದಲ್ಲಿ ಮದ್ದಿನ ಅಳತೆ ಗ್ರೇನ್‌ನಲ್ಲಿ ಇದ್ದೇ ಇರುತ್ತೆ, ಅದನ್ನು ‘ಗುಂಜಿ’ ಮಾಡಿ. ನಮ್ಮ ಅಕ್ಕಸಾಲಿಗರ ಅಳತೆ ಇರುವಾಗ ಅವರದ್ಯಾಕೆ?

[ಮಡಿಕೇರಿಯಿಂದ]

ಗುಂಜಿ ಅಂತ ಬರೆಯಬೇಡಿ. ದಯವಿಟ್ಟು ಬರೆಯಬೇಡಿ. ಡೆನ್ವರ್‌ನವರೇ, ಬೇರೆ ಯಾವ ಮಾತು ಬಿಟ್ಟರೂ ಇದೊಂದು ಕೇಳಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಒಂದು ಗುಂಜಿ ಸುಮಾರು 120. 100 ಗ್ರೇನ್ ಮದ್ದನ್ನು 100 ಗುಂಜಿ ಅಂತ ಅಚ್ಚು ಹಾಕಿಸಿದರೆ ಹತ್ತಿರ ಹತ್ತಿರ ಎರಡು ಈಡು ಒಟ್ಟಿಗೆ ತುಂಬಿದ ಹಾಗೆ. ಯಾರಾದರೂ ಅದನ್ನು ನಂಬಿ ತೂಗಿದರೆ ನಳಿಗೆ ಸೀಳುತ್ತೆ, ಕಣ್ಣು ಹೋಗುತ್ತೆ. ಭಾಷಾಭಿಮಾನಕ್ಕೂ ಒಂದು ಜಾಗ ಇದೆ.

ಇನ್ನೊಂದು. ಸುಮ್ನೆ ‘ಮದ್ದು’ ಅಂತ ಬರೆದು ಮುಂದೆ ಹೋಗಬೇಡಿ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಮಾಡುವುದು ಕರಿಮದ್ದು. ತೋಟಾ ಒಳಗಿರುವುದು ಹೊಗೆಯಿಲ್ಲದ ಮದ್ದು, ಅದರ ಒತ್ತಡವೇ ಬೇರೆ. ಕರಿಮದ್ದಿಗೆ ಅಂತ ಮಾಡಿದ ನಳಿಗೆಗೆ ಅದನ್ನು ಹುಯ್ದರೆ ಏನಾಗುತ್ತೆ ಅಂತ ಕೋವಿ ಮುಟ್ಟಿದವರಿಗೆಲ್ಲ ಗೊತ್ತು. ಕರಿಮದ್ದು ಅಂತಲೇ ಪ್ರತಿಸಲ ಬರೆಯಿರಿ, ಪದ ಉದ್ದವಾದರೆ ಆಗಲಿ.

ಕೋವಿ ಒಂದೇ ಶುದ್ಧ ಅನ್ನುವ ಮಾತಿಗೆ: ನಾವು ಕೊಡವ ತಕ್ಕ್‌ನಲ್ಲಿ ತೋಕ್ ಅಂತೇವೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್‌ಪೂ ಏರಿಸಿ ಪೂಜೆ ಮಾಡುತ್ತೇವೆ. ಅದು ತುಪಾಕಿಯ ನೆಂಟ ಅಂತ ಯಾರೋ ಹೇಳಿದರು ಅಂತ ನಾವು ಹೂವಿನ ಹೆಸರು ಬದಲಿಸಬೇಕಾ?

[ಮೈಸೂರಿನಿಂದ]

‘ಬಾಯ್ದುಂಬು’ ಸಂಧಿ ಸರಿ, ಪದ ತಪ್ಪು. ‘ಬಾಯ್ತುಂಬ ಹೊಗಳಿದರು’ ಅಂತ ನಾವು ದಿನಾ ಹೇಳುತ್ತೇವೆ. ಓದುಗರ ಕಿವಿ ಮೊದಲು ಅಲ್ಲಿಗೇ ಹೋಗುತ್ತೆ. ಇನ್ನು ‘ನೇರ್ಗಿಡಿ’ ಓದಿದವರಿಗೆ ಗಿಡ ಕಾಣುತ್ತೆ, ಕಿಡಿ ಕಾಣುವುದಿಲ್ಲ. ಎರಡೂ ನಿಲ್ಲುವುದಿಲ್ಲ.

ಕಡವೆ ಬೇಡ. ನೀಲಗಿರಿ, ಸಿಲೋನ್ ಕಡೆ ಬೇಟೆಯಾಡುತ್ತಿದ್ದ ಬಿಳಿಯರು ನಮ್ಮ ಕಡವೆಯನ್ನೇ ಎಲ್ಕ್ ಅಂತ ಕರೆದರು. ಆ ಗೊಂದಲವನ್ನು ನಾವು ತಿರುಗಿಸಿ ಇನ್ನೊಂದು ಸಲ ಮಾಡುವುದು ಬೇಡ. ಕಡವೆಯ ಒಂದು ಕೊಂಬಿಗೆ ಮೂರು ತುದಿ. ಬೆಳೆದ ಗಂಡು ಎಲ್ಕ್‌ಗೆ ಸಾಮಾನ್ಯವಾಗಿ ಆರು. ಎಲ್ಕ್ ಅಂತಲೇ ಬರೆಯಿರಿ.

[ಬೆಂಗಳೂರಿನಿಂದ]

> ಎಲ್ಕ್ ಅಂತಲೇ ಬರೆಯಿರಿ

ಹೀಗೆ ಪ್ರತಿಯೊಂದಕ್ಕೂ ‘ಅಂತಲೇ ಬರೆಯಿರಿ’ ಅಂದುಕೊಂಡು ನೂರು ವರ್ಷ ಕಳೆದೆವು. ಈಗ ನಮ್ಮ ಮಕ್ಕಳು ಅನ್ನಕ್ಕೆ ರೈಸ್ ಅನ್ನುತ್ತಿದ್ದಾರೆ. ಕಟ್ಟುವ ಶಕ್ತಿ ಬಳಸದಿದ್ದರೆ ಹೋಗುತ್ತೆ. ಮೊದಲ ಸಲ ಕೇಳಿದಾಗ ಯಾವ ಹೊಸ ಪದ ವಿಚಿತ್ರ ಅನ್ನಿಸಲಿಲ್ಲ, ಹೇಳಿ. ಗುಂಜಿಯ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅದು ಅಳತೆಯ ವಿಷಯ. ಉಳಿದದ್ದು ಇಲ್ಲ.

[ತೀರ್ಥಹಳ್ಳಿಯಿಂದ]

ಕಟ್ಟುವ ಶಕ್ತಿ ಜನರಿಗೆ ಇದೆ ಸರ್, ಅದನ್ನು ನೋಡಿ. ಕೇಪಿನ ಮೇಲೆ ಬಡಿಯುವ ಕಬ್ಬಿಣಕ್ಕೆ ‘ಕುದುರೆ’ ಅಂತ ಹೆಸರಿಟ್ಟವರು ಯಾವ ಪದಸಮಿತಿಯವರು? ‘ಒಂಟಿನಳಿಗೆ’, ‘ಜೋಡುನಳಿಗೆ’, ‘ಈಡು’, ‘ಚರೆ’, ಎಲ್ಲ ಕೈಯಲ್ಲಿ ಹಿಡಿದವರು ಕಟ್ಟಿದ್ದು. ಅವರೇ ಕೇಪನ್ನು ಕೇಪು ಅಂದರು, ಯಾಕಂದರೆ ಅದು ಅಂಗಡಿಯಿಂದ ಆ ಹೆಸರಲ್ಲೇ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ನಿಲ್ಲಬೇಕಿತ್ತು, ನಿಲ್ಲಬೇಕಾದದ್ದೂ ಸರಿಯೇ. ಆದರೆ ಅದರ ಜೊತೆ ಈ ಮಾತುಗಳೂ ಹೋಗುತ್ತಿವೆ. ನನ್ನ ಮಗನಿಗೆ ಚರೆ ಅಂದರೆ ಗೊತ್ತಿಲ್ಲ. ಇರುವ ಪದ ಸಾಯುತ್ತಿರುವಾಗ ಅದರ ಎದುರಿಗೆ ‘ಕಿಡಿಬಟ್ಟಲು’ ತಂದು ನಿಲ್ಲಿಸಿದರೆ ನನಗೆ ಸಿಟ್ಟು ಬರುತ್ತೆ.

[ಡೆನ್ವರ್‌ನಿಂದ]

ಎಲ್ಲರಿಗೂ ಧನ್ಯವಾದ. ಗ್ರೇನ್, ಕರಿಮದ್ದು, ಎಲ್ಕ್ ಮೂರೂ ಇತ್ಯರ್ಥವಾಯಿತು.

ತೀರ್ಥಹಳ್ಳಿಯವರೇ, ‘ಕೇಪಿನ ಕೋವಿ’ ನನಗೂ ಇಷ್ಟ. ಆದರೆ ಬರೀ ಅಷ್ಟೇ ಅಂದರೆ ನನ್ನ ಲೇಖನ ಕೆಡುತ್ತೆ. ನಮ್ಮೂರ ಕೇಪಿನ ಕೋವಿಯಲ್ಲಿ ಕುದುರೆ ಪಕ್ಕದಲ್ಲಿ. ಕೇಪು ಸಣ್ಣ ಕೊಳವೆಯಂಥ ತೊಟ್ಟಿನ ಮೇಲೆ ಕೂರುತ್ತೆ. ಬೆಂಕಿ ತೊಟ್ಟಿನೊಳಗೆ ಇಳಿದು, ಅಡ್ಡ ತಿರುಗಿ ಮದ್ದು ಮುಟ್ಟಬೇಕು. ಆ ತಿರುವಿನಲ್ಲಿ ಮಸಿ ಕಟ್ಟಿದರೆ ಅಥವಾ ಒಂದು ಹನಿ ನೀರು ಸೇರಿದರೆ ಕೇಪು ಚಟ್ ಅನ್ನುತ್ತೆ, ಈಡು ಹಾರುವುದಿಲ್ಲ. ನಾವು ಮಾಡಿಕೊಂಡ ಕೋವಿಯಲ್ಲಿ ಬೋಲ್ಟ್ ಹಿಂದಕ್ಕೆ ಎಳೆದು, ಶಾಟ್‌ಗನ್ ತೋಟಾದ ತಳದಲ್ಲಿ ಬರುವ 209 ಅನ್ನುವ ಕೇಪನ್ನು ಬೆರಳಲ್ಲಿ ಕೂರಿಸುತ್ತೇವೆ. ಮಳೆಯಲ್ಲೂ ನಂಬಬಹುದು. ಸಂಜೆ ಬಂದು ಬಿರಡೆ ಬಿಚ್ಚಿದರೆ ನಳಿಗೆಯ ಆ ಕಡೆಯಿಂದ ಈ ಕಡೆಗೆ ಬೆಳಕು ಕಾಣುತ್ತೆ. ಬಿಸಿನೀರಲ್ಲಿ ತೊಳೆದು, ಬಿರಡೆಯ ತಿರುಪಿಗೆ ಗ್ರೀಸ್ ಬಳಿಯದೆ ಮತ್ತೆ ಹಾಕಿದರೆ ಮುಂದಿನ ಸಲ ಬಿಚ್ಚಲು ಬರುವುದಿಲ್ಲ, ಮಸಿ ಅಷ್ಟು ಗಟ್ಟಿ ಹಿಡಿಯುತ್ತೆ.

ಒಳಗೂ ಬೇರೆ. ನಮ್ಮೂರ ಕೋವಿಯ ಒಳಮೈ ನುಣುಪು. ಇದರಲ್ಲಿ ಸುರುಳಿ ಗೆರೆ ಇದೆ, 28 ಅಂಗುಲಕ್ಕೆ ಒಂದು ಸುತ್ತು. ದುಂಡನೆಯ ಗುಂಡಿಗಾದರೆ 60, 66 ಅಂಗುಲಕ್ಕೆ ಒಂದು ಸುತ್ತು ಸಾಕು. ಉದ್ದ ಗುಂಡು ಅಡ್ಡಾದಿಡ್ಡಿ ಹೋಗದಿರಲು ಬೇಗ ಸುತ್ತಬೇಕು. ಕೊಲರಾಡೊದಲ್ಲಿ ಸೆಪ್ಟೆಂಬರಿನ ಮಜಲ್‌ಲೋಡರ್ ಸೀಸನ್ನಿಗೆ ನಿಯಮ ಬಿಗಿ. ಎಲ್ಕ್‌ಗೆ .50 (ಅರ್ಧ ಅಂಗುಲ) ಗಿಂತ ಸಣ್ಣ ಬಾಯಿಯ ನಳಿಗೆ ಕೂಡದು, ದುರ್ಬೀನು ಕೂಡದು, ಗುಂಡಿಗೆ ಪ್ಲಾಸ್ಟಿಕ್ ಸುತ್ತಿ ಹಾಕುವಂತಿಲ್ಲ, ಬಿಲ್ಲೆ ಮಾಡಿದ ಮದ್ದೂ ಇಲ್ಲ, ಪುಡಿಯನ್ನೇ ಅಳೆದು ಹುಯ್ಯಬೇಕು. ಅಂಗಡಿಯಲ್ಲಿ ಸಿಗುವ ಕೋವಿಯನ್ನು ಬಿಟ್ಟು ನಾವೇ ಮಾಡಿಕೊಂಡದ್ದು ಇದಕ್ಕೇ, ಬರಿಗಣ್ಣಿಗೆ ಒಪ್ಪುವ ಗುರಿಮೊನೆ, ಪ್ಲಾಸ್ಟಿಕ್ ಇಲ್ಲದೆಯೇ ಬಿಗಿಯಾಗಿ ಕೂರುವ ಸೀಸದ ಗುಂಡು, ಎರಡೂ ಬೇಕಿತ್ತು.

ಹಾಗಾಗಿ ಕೇಪು ಎಲ್ಲಿದೆ ಅನ್ನುವುದು ಹೆಸರಲ್ಲೇ ಬರಬೇಕು. ‘ಹಿಂಗೇಪಿನ ಕೋವಿ’ ಹೇಗೆ? ಹಳೆಯದು ಬರೀ ಕೇಪಿನ ಕೋವಿ, ಇದು ಹಿಂಗೇಪಿನ ಕೋವಿ. ಬಾಯಿಂದ ತುಂಬುವುದು ಅಂತ ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತೇನೆ.

[ಬೆಂಗಳೂರಿನಿಂದ]

ಇಂಗ್ಲಿಷ್ ಪದಕ್ಕೆ ಕನ್ನಡದ ಆದೇಶ ಸಂಧಿ! ಅರಿಸಮಾಸವನ್ನಾದರೂ ಸಹಿಸಬಹುದು. ಒಪ್ಪುವುದಿಲ್ಲ.

[ಮೈಸೂರಿನಿಂದ]

‘ಮಳೆಗಾಲ’ ಬರೆಯುತ್ತೀರಲ್ವಾ? ಕಾಲ ಎಲ್ಲಿಂದ ಬಂತು? ಹೊರಗಿನ ಪದ ನಮ್ಮ ಸಂಧಿಗೆ ಬಗ್ಗಿತು ಅಂದರೆ ಅದು ನಮ್ಮದಾಯಿತು ಅಂತಲೇ ಲೆಕ್ಕ. ನೀವು ಬೇಕು ಅನ್ನುತ್ತಿರುವ ಕಟ್ಟುವ ಶಕ್ತಿ ಇದೇ.

[ಮಡಿಕೇರಿಯಿಂದ]

ಹಿಂಗೇಪು ಚೆನ್ನಾಗಿದೆ. ಹೇಳಿದ ಕೂಡಲೇ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತೆ.

[ಡೆನ್ವರ್‌ನಿಂದ]

ಹಾಗಾದರೆ ಇದನ್ನೇ ಕಳಿಸುತ್ತಿದ್ದೇನೆ: “ಇದು ಹಿಂಗೇಪಿನ ಕೋವಿ. ಕರಿಮದ್ದನ್ನೂ ಗುಂಡನ್ನೂ ಬಾಯಿಂದ ತುಂಬಿ ಜಡಿಯಬೇಕು. ಕೇಪು ಮಾತ್ರ ನಳಿಗೆಯ ಹಿಂದೆ, ಮದ್ದಿಗೆ ನೇರವಾಗಿ ಕೂರುತ್ತದೆ.” ಸಂಪಾದಕರು ಈಗಲೇ ಫೋನ್ ಮಾಡಿ ಕೇಳಿದರು, ‘ಹಿಂಕೇಪು’ ಅಂತ ತಿದ್ದಲಾ ಅಂತ. ಏನು ಹೇಳಲಿ?

[ಮೈಸೂರಿನಿಂದ]

ತಿದ್ದಬಾರದು. ಹಿಂಗಾಲು, ಹಿಂಗೇಪು. ಗಕಾರವೇ.