ಪ್ಯಾಡ್ ಥಾಯ್: ಮನೆಯಲ್ಲಿ ಮಾಡಿದರೂ ಉಂಡೆ, ತರಿಸಿದರೂ ಉಂಡೆ! ಎಲ್ಲಿ ತಪ್ಪುತ್ತಿದೆ?

ಜಯನಗರದ ಹಸಿವು:
ಥೈಲ್ಯಾಂಡಿನ ಹುರಿದ ಅಕ್ಕಿ ನೂಡಲ್ಸ್ ಪ್ಯಾಡ್ ಥಾಯ್ ಮಾಡಲು ಹೋಗಿ ಸತತ ಮೂರು ಭಾನುವಾರ ಸೋತಿದ್ದೇನೆ. ಅಕ್ಕಿ ನೂಡಲ್ಸನ್ನು ಪ್ಯಾಕೆಟ್ ಮೇಲೆ ಬರೆದ ಹಾಗೇ ಕುದಿಯುವ ನೀರಿನಲ್ಲಿ 6 ನಿಮಿಷ ಇಟ್ಟು ಬಸಿದೆ. ಆಗ ಚೆನ್ನಾಗೇ ಇತ್ತು. ಬಾಣಲೆಗೆ ಹಾಕಿ ಸಾಸ್ ಸುರಿದ ಎರಡೇ ನಿಮಿಷಕ್ಕೆ ಎಲ್ಲ ಅಂಟಿಕೊಂಡು ಉಂಡೆ. ನಾಲ್ಕು ಜನಕ್ಕೆ ಒಂದೇ ಸಲ ಮಾಡುತ್ತೇನೆ. ಇಂಡಕ್ಷನ್ ಒಲೆ, ನಾನ್‌ಸ್ಟಿಕ್ ಬಾಣಲೆ. ಹೋದ ವಾರ ಬೇಜಾರಾಗಿ ಹೊರಗಿನಿಂದ ತರಿಸಿದೆ. ಮುಕ್ಕಾಲು ಗಂಟೆ ಟ್ರಾಫಿಕ್‌ನಲ್ಲಿ ಕೂತು ಬಂದ ಡಬ್ಬಿ ತೆಗೆದರೆ ಅದೂ ಉಂಡೆ, ಮೇಲೆ ಕೆಚಪ್ ಬಣ್ಣ ಬೇರೆ. ಅದಕ್ಕಿಂತ ನನ್ನ ಉಂಡೆಯೇ ವಾಸಿ ಅನ್ನಿಸಿತು.

ಹಳೇ ಬಾಣಲೆ:
ಕಳ್ಳ ಸಿಕ್ಕಿದ, ಕುದಿಯುವ ನೀರು. ಗೋಧಿ ನೂಡಲ್ಸ್‌ನಲ್ಲಿ ಎಳೆಯನ್ನು ಬಿಗಿಯಾಗಿ ಹಿಡಿದಿಡುವ ಗ್ಲುಟೆನ್ ಇರುತ್ತದೆ. ಅಕ್ಕಿಯಲ್ಲಿ ಅದಿಲ್ಲ, ಬರೀ ಪಿಷ್ಟ. ಬಿಸಿನೀರಿನಲ್ಲೇ ಪೂರ್ತಿ ಬೆಂದರೆ ಬಾಣಲೆಯಲ್ಲಿ ಸಾಸ್ ಕುಡಿಯಲು ಜಾಗವೇ ಉಳಿಯುವುದಿಲ್ಲ. ಹೊರಮೈ ಕರಗಿ ಗಂಜಿಯಾಗುತ್ತದೆ. ಒತ್ತು ಶಾವಿಗೆ ಜಾಸ್ತಿ ಬೆಂದರೆ ಏನಾಗುತ್ತದೆ, ನೋಡಿದ್ದೀರಲ್ವಾ? ಅದೇ.

ಒಲೆಯ ಸಹವಾಸ ಬಿಟ್ಟು ಸಾದಾ ನೀರಿನಲ್ಲಿ ನೆನೆಸಿ. 3 ಮಿಲಿಮೀಟರ್ ಅಗಲದ್ದಕ್ಕೆ 30ರಿಂದ 40 ನಿಮಿಷ ಸಾಕು. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು, ಕಚ್ಚಿದರೆ ಇನ್ನೂ ಹಸಿ ಅನ್ನಿಸಬೇಕು. ಉಳಿದದ್ದು ಬಾಣಲೆಯಲ್ಲಿ ಬೇಯುತ್ತದೆ.

ಮತ್ತೆ ನಾಲ್ಕು ಜನಕ್ಕೆ ಒಂದೇ ಸಲ ಯಾಕೆ? ಅಷ್ಟು ಒದ್ದೆ ನೂಡಲ್ಸ್ ಬಿದ್ದರೆ ಬಾಣಲೆ ತಣ್ಣಗಾಗುತ್ತದೆ. ಹುರಿಯುವ ಬದಲು ಹಬೆಯಲ್ಲಿ ಕೂರುತ್ತದೆ. ಒಂದು ತಟ್ಟೆಗೆ ಒಣ ನೂಡಲ್ಸ್ 80 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ. ನಾಲ್ಕು ಸಲ ಮಾಡಿ, ಒಂದೊಂದಕ್ಕೆ ನಾಲ್ಕೈದು ನಿಮಿಷ.

ಬ್ಯಾಂಕಾಕ್‌ನಲ್ಲಿರುವ ಶಿರಸಿಯವ:
ಮೇಲಿನ ಮಾತು ಸರಿ. ಇಲ್ಲಿ ಬೀದಿ ಬದಿಯಲ್ಲೂ ಒಂದೋ ಎರಡೋ ತಟ್ಟೆಯ ಲೆಕ್ಕದಲ್ಲೇ ಹುರಿಯುತ್ತಾರೆ. ಥಾಯ್ ಭಾಷೆಯಲ್ಲಿ ಆ ‘ಪ್ಯಾಡ್’ ಅಂದರೇ ಬಾಣಲೆಯಲ್ಲಿ ಹುರಿಯುವುದು. ಇನ್ನೊಂದು ವಿಷಯ, ಪ್ಯಾಡ್ ಥಾಯ್‌ಗೆ ಗುಂಡಿ ಬಾಣಲೆಯೇ ಬೇಕಂತಿಲ್ಲ. ಎಷ್ಟೋ ಗಾಡಿಗಳಲ್ಲಿ ಅಗಲವಾದ, ಹೆಚ್ಚುಕಡಿಮೆ ಚಪ್ಪಟೆಯಾದ ಕಬ್ಬಿಣದ ತವಾ ಇರುತ್ತದೆ. ನಿಮ್ಮ ಮನೆಯಲ್ಲಿ ದೋಸೆ ಕಾವಲಿ ಇಲ್ವಾ? ಇಂಡಕ್ಷನ್ ಮೇಲೆ ಕಬ್ಬಿಣ ಚೆನ್ನಾಗಿ ಕಾಯುತ್ತದೆ.

ಸಾಸ್‌ಗೆ ಕೆಚಪ್ ಬೇಡವೇ ಬೇಡ. ಹುಣಸೆ ರಸ, ತಾಳೆ ಬೆಲ್ಲ, ಮೀನಿನ ಸಾಸ್, ಅಷ್ಟೇ. ಒಂದು ತಟ್ಟೆಗೆ ಗಟ್ಟಿ ರಸ 2 ಚಮಚ, ಬೆಲ್ಲ 2 ಚಮಚ, ಮೀನಿನ ಸಾಸ್ ಒಂದೂವರೆ ಚಮಚ, ಎಲ್ಲ ದೊಡ್ಡ ಚಮಚ. ನಮ್ಮೂರ ಹಳೇ ಹುಣಸೆ ಇಲ್ಲಿನದಕ್ಕಿಂತ ಹುಳಿ, ಬಣ್ಣವೂ ಕಪ್ಪು. ಆದ್ದರಿಂದ ಒಂದೂವರೆಯಿಂದ ಶುರು ಮಾಡಿ. ತಾಳೆ ಬೆಲ್ಲ ಸಿಗದಿದ್ದರೆ ಜೋನಿ ಬೆಲ್ಲ ನಡೆಯುತ್ತದೆ. ನಾನಂತೂ ಊರಿಗೆ ಬಂದಾಗ ಅದನ್ನೇ ಹಾಕುತ್ತೇನೆ.

ಪಾರ್ಸೆಲ್ ಬಗ್ಗೆ: ಇಲ್ಲಿ ಹಸಿ ಮೊಳಕೆ ಕಾಳು, ನಿಂಬೆ ಹೋಳು, ಬೆಳ್ಳುಳ್ಳಿ ವಾಸನೆಯ ಆ ಚಪ್ಪಟೆ ಸೊಪ್ಪು, ಕೆಲವು ಕಡೆ ಹಸಿ ಬಾಳೆಹೂವಿನ ಒಂದು ಹೋಳು, ಇವನ್ನೆಲ್ಲ ಬೇರೆ ಕಟ್ಟಿ ಕೊಡುತ್ತಾರೆ. ಮುಚ್ಚಿದ ಡಬ್ಬಿಯೊಳಗೆ ಹಬೆಗೆ ನೂಡಲ್ಸ್ ಇನ್ನೂ ಬೇಯುತ್ತಲೇ ಇರುತ್ತದೆ, ಅದಕ್ಕೇ ನಿಮಗೆ ಉಂಡೆ ಬಂದದ್ದು. ಅಡುಗೆಯವನದ್ದು ಪೂರ್ತಿ ತಪ್ಪಲ್ಲ (ಕೆಚಪ್ ಮಾತ್ರ ಅವನದ್ದೇ). ನನ್ನ ಲೆಕ್ಕದಲ್ಲಿ ಪ್ಯಾಡ್ ಥಾಯ್ ಮನೆಯಲ್ಲಿ ಮಾಡುವ ತಿಂಡಿ. ತರಿಸುವುದಾದರೆ ಸಾರಿನ ನೂಡಲ್ಸ್ ತರಿಸಿ, ಸಾರು ಬೇರೆ ಕೇಳಿ.

ಕಡ್ಲೆಕಾಯಿ ಪರಿಷೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ಮೀನು ತಿನ್ನದವರು ಏನು ಮಾಡಬೇಕು?

ಬ್ಯಾಂಕಾಕ್‌ನಲ್ಲಿರುವ ಶಿರಸಿಯವ:
ತೆಳು ಸೋಯಾ ಸಾಸ್, ರುಚಿಗೆ ಉಪ್ಪು. ಸಿಕ್ಕರೆ ಉಪ್ಪುಮೂಲಂಗಿ ಸಣ್ಣಗೆ ಹೆಚ್ಚಿ ಹಾಕಿ, ಮೀನಿನ ಸಾಸ್ ಕೊಡುವ ಗಾಢ ರುಚಿ ಸ್ವಲ್ಪ ಅದರಿಂದ ಬರುತ್ತದೆ. ಥೈಲ್ಯಾಂಡಿನ ಸಸ್ಯಾಹಾರಿ ‘ಜೇ’ ಅಂಗಡಿಗಳಲ್ಲೂ ಸೋಯಾ ಸಾಸೇ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದೇ ಅಂಗಡಿ.

ಜಯನಗರದ ಹಸಿವು:
ನಿನ್ನೆ ಮಾಡಿದೆ. ನೆನೆಸಿದ್ದು 35 ನಿಮಿಷ, ಅಮ್ಮನ ದೋಸೆ ಕಾವಲಿ, ಒಂದೊಂದೇ ತಟ್ಟೆ. ಈ ಸಲ ಅಂಟಲಿಲ್ಲ! ಆದರೆ ಮೊದಲ ತಟ್ಟೆ ಒಳಗೆ ಗಟ್ಟಿ, ಸಾಸ್ ಮಾತ್ರ ಪಾಕ ಬಂದು ಸೀದು ಹೋಯಿತು.

ಹಳೇ ಬಾಣಲೆ:
ನೂಡಲ್ಸ್ ಮೆತ್ತಗಾಗುವ ಮೊದಲೇ ಸಾಸ್ ಪೂರ್ತಿ ಸುರಿದಿರಿ ಅನ್ನಿಸುತ್ತದೆ. ಬೆಲ್ಲ ಜಾಸ್ತಿ ಇರುವ ಕಡೆ ಪಿಷ್ಟ ನಿಧಾನಕ್ಕೆ ಬೇಯುತ್ತದೆ. ಮೊದಲು ಎಣ್ಣೆ, ನೂಡಲ್ಸ್, ಎರಡು ಮೂರು ಚಮಚ ನೀರು. ಅದು ಹೀರಿದ ಮೇಲೆ ಸಾಸ್. ಆಮೇಲೆ ಪಕ್ಕಕ್ಕೆ ಸರಿಸಿ ಮೊಟ್ಟೆ ಒಡೆದು ಹಾಕಿ. ಮೊಳಕೆ, ಕಡ್ಲೆಕಾಯಿ ಪುಡಿ ಒಲೆ ಆರಿಸಿದ ಮೇಲೆ.

ಅದು ಬಿಡಿ. ಕಾವಲಿಗೆ ಹುಣಸೆ ಹಾಕುವ ಮುಂಚೆ ಅಮ್ಮನನ್ನು ಕೇಳಿದ್ರಾ? ಹುಳಿ ಬಿದ್ದರೆ ಪಳಗಿದ ಕಾವಲಿಯ ಎಣ್ಣೆ ಪದರ ಹೋಗುತ್ತದೆ.

ಜಯನಗರದ ಹಸಿವು:
ತಡವಾಗಿ ಹೇಳಿದಿರಿ. ಇವತ್ತು ಬೆಳಗ್ಗೆ ಒಂದು ದೋಸೆಯೂ ಏಳಲಿಲ್ಲ. ಅಮ್ಮ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿ ಉಜ್ಜುತ್ತಾ ಕೂತಿದ್ದಾರೆ, ನನ್ನ ಹತ್ತಿರ ಮಾತಿಲ್ಲ. ನೀವು ಹೇಳಿದ ಹಾಗೆ ನೀರು ಹಾಕಿ ಮಧ್ಯಾಹ್ನ ಮತ್ತೆ ಮಾಡಿದೆ, ನಾನ್‌ಸ್ಟಿಕ್‌ನಲ್ಲೇ. ಕಾವಲಿಯಷ್ಟು ಹದವಾಗಿ ಕೆಂಪಾಗಲಿಲ್ಲ, ಆದರೆ ಎಳೆ ಎಳೆಯಾಗಿ ಬಂತು. ನನಗೇ ಒಂದು ಕಬ್ಬಿಣದ ಕಾವಲಿ ತರಲು ಹೊರಟಿದ್ದೇನೆ. 12 ಇಂಚು ಸಾಕಾ?

ಹಳೇ ಬಾಣಲೆ:
ಸಾಕು. ತಳ ಪೂರ್ತಿ ಚಪ್ಪಟೆ ಇದೆಯಾ ನೋಡಿ, ಇಲ್ಲದಿದ್ದರೆ ಇಂಡಕ್ಷನ್ ಮೇಲೆ ಸಮನಾಗಿ ಕಾಯುವುದಿಲ್ಲ. ಅಮ್ಮನಿಗೂ ಒಂದು ತನ್ನಿ.