ಲೇಸರ್‌ಜೆಟ್ 1020: ವಿಂಡೋಸ್, ಉಬುಂಟು, ಮ್ಯಾಕ್ ಮೂರರಿಂದಲೂ ಪ್ರಿಂಟ್ ಕೊಡೋದು ಹೇಗೆ?

ಪ್ರಶ್ನೆ
ಎಚ್‌ಪಿ ಲೇಸರ್‌ಜೆಟ್ 1020 ಯುಎಸ್‌ಬಿಯಲ್ಲಿ ವಿಂಡೋಸ್ 11 ಪಿಸಿಗೆ ಜೋಡಿಸಿ ಶೇರ್ ಮಾಡಿದೆ. ಉಬುಂಟುವಿನಿಂದ ಕೊಟ್ಟ ಜಾಬ್ ‘ಹೆಲ್ಡ್ ಫಾರ್ ಅಥೆಂಟಿಕೇಶನ್’ ಅಂತ ನಿಲ್ಲುತ್ತೆ. ಇನ್ನೊಂದು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ 11ಬಿ ಎರರ್. ಮ್ಯಾಕ್‌ನ ಡ್ರೈವರ್ ಪಟ್ಟಿಯಲ್ಲಿ ಈ ಮಾಡೆಲ್ಲೇ ಇಲ್ಲ.

ಉತ್ತರ
ಉಬುಂಟುವಿನದು ಪಾಸ್‌ವರ್ಡ್ ಸಮಸ್ಯೆ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡಲ್ಲ, ಪಿನ್ ಕೂಡ ನಡೆಯಲ್ಲ. ಪಿಸಿಯಲ್ಲಿ ಪ್ರಿಂಟಿಂಗ್‌ಗೆಂದೇ ಪಾಸ್‌ವರ್ಡ್ ಇರುವ ಲೋಕಲ್ ಖಾತೆ ತೆರೆದು, ಉಬುಂಟು ಕೇಳಿದಾಗ ಅದನ್ನೇ ಕೊಡಿ. ಶೇರ್ ಹೆಸರಲ್ಲಿ ಸ್ಪೇಸ್ ಬೇಡ. ಪಿಸಿಯ ನೆಟ್‌ವರ್ಕ್ ಪ್ರೊಫೈಲ್ ‘ಪ್ರೈವೇಟ್’ ಇರಲಿ.

ಉತ್ತರ
11ಬಿ ಶುರುವಾದದ್ದು 2021ರ ಸೆಪ್ಟೆಂಬರ್ ಭದ್ರತಾ ಅಪ್‌ಡೇಟ್ ನಂತರ. ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಸಂಗ್ರಹ) ಆ ಅಪ್‌ಡೇಟ್ ತಂದ ರಕ್ಷಣೆಯನ್ನೇ ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತೆ, ದಯವಿಟ್ಟು ಬೇಡ. ಮೊದಲು ಎರಡೂ ಯಂತ್ರ ಅಪ್‌ಡೇಟ್ ಮಾಡಿ. ಆಗದಿದ್ದರೆ ಲ್ಯಾಪ್‌ಟಾಪ್‌ನಲ್ಲಿ 1020ರ ಡ್ರೈವರ್ ಹಾಕಿ, ಹೊಸ ‘ಲೋಕಲ್ ಪೋರ್ಟ್’ ಸೃಷ್ಟಿಸಿ, ಪೋರ್ಟ್ ಹೆಸರಾಗಿ ಶೇರ್‌ನ ಪೂರ್ತಿ ವಿಳಾಸ ಕೊಡಿ.

ಉತ್ತರ
ಮೇಲಿನೆರಡೂ ಸರಿ, ಆದರೆ ಮ್ಯಾಕ್‌ಗೆ ಅದರಿಂದ ಪ್ರಯೋಜನವಿಲ್ಲ. ವಿಂಡೋಸ್ ಶೇರ್‌ಗೆ ಬೇರೆ ಓಎಸ್ ಕಳಿಸುವ ಡೇಟಾ ಹಾಗೇ ಪ್ರಿಂಟರ್‌ಗೆ ಹೋಗುತ್ತೆ, ಹಾಗಾಗಿ ಕಳಿಸುವ ಯಂತ್ರದಲ್ಲೇ 1020ರ ಡ್ರೈವರ್ ಬೇಕು.

ಪ್ರಿಂಟರನ್ನು ಪಿಸಿಯಿಂದ ಬಿಡಿಸಿ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಅಥವಾ ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿ. ಕಪ್ಸ್ (ಲಿನಕ್ಸ್‌ನ ಪ್ರಿಂಟ್ ಸರ್ವರ್), ಅವಾಹಿ (ಪ್ರಿಂಟರ್ ನೆಟ್‌ವರ್ಕ್‌ನಲ್ಲಿ ತಾನಾಗೇ ಕಾಣುವಂತೆ ಮಾಡುವ ಸಾಫ್ಟ್‌ವೇರ್), ಎಚ್‌ಪ್ಲಿಪ್ (ಲಿನಕ್ಸ್‌ಗಾಗಿ ಎಚ್‌ಪಿಯ ಡ್ರೈವರ್) ಇನ್‌ಸ್ಟಾಲ್ ಮಾಡಿ. ಕಪ್ಸ್‌ನ ವೆಬ್ ಪುಟದಲ್ಲಿ (ಪೋರ್ಟ್ 631) ಶೇರಿಂಗ್ ಅನ್ನು ಎರಡು ಕಡೆ ಟಿಕ್ ಮಾಡಬೇಕು: ಇಡೀ ಸರ್ವರ್‌ಗೊಮ್ಮೆ, ಪ್ರಿಂಟರ್‌ಗೊಮ್ಮೆ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ಮ್ಯಾಕ್, ಐಫೋನ್‌ಗಳಿಗೆ ಅದು ಏರ್‌ಪ್ರಿಂಟ್ (ಆ್ಯಪಲ್‌ನ ನೆಟ್‌ವರ್ಕ್ ಪ್ರಿಂಟಿಂಗ್ ವ್ಯವಸ್ಥೆ) ಪ್ರಿಂಟರ್ ಆಗಿ ಕಾಣುತ್ತೆ, ಅಲ್ಲಿ 1020ರ ಡ್ರೈವರ್ ಬೇಕಿಲ್ಲ. ವಿಂಡೋಸ್‌ನಲ್ಲಿ ಕಪ್ಸ್ ವಿಳಾಸ ಕೊಟ್ಟು ಸೇರಿಸಿ, ಡ್ರೈವರ್ ಕೇಳಿದರೆ ‘ಮೈಕ್ರೋಸಾಫ್ಟ್ ಐಪಿಪಿ ಕ್ಲಾಸ್ ಡ್ರೈವರ್’.

1020ಕ್ಕೆ ಒಂದು ವಿಶೇಷ ಗುಣವಿದೆ: ಆಫ್ ಮಾಡಿದರೆ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಅದರೊಳಗಿನ ಸಾಫ್ಟ್‌ವೇರ್) ಅಳಿಸಿಹೋಗುತ್ತೆ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದನ್ನು ಕಳಿಸಬೇಕು. ಜಾಬ್ ‘ಕಂಪ್ಲೀಟೆಡ್’ ಅಂದರೂ ಕಾಗದ ಅಲ್ಲಾಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಎಚ್‌ಪ್ಲಿಪ್‌ನ ಪ್ಲಗಿನ್ ಆ ಕೆಲಸ ಮಾಡುತ್ತೆ. ಎಚ್‌ಪ್ಲಿಪ್ ಅಪ್‌ಡೇಟ್ ಆದಾಗೆಲ್ಲ ಅದೇ ಆವೃತ್ತಿಯ ಪ್ಲಗಿನ್ ಮತ್ತೆ ಹಾಕಿ.

ಪ್ರಶ್ನೆ ಕೇಳಿದವರು
ಮ್ಯಾಕ್, ಉಬುಂಟು ಸರಿಹೋದವು. ವಿಂಡೋಸ್‌ನಲ್ಲಿ ಪೈನ ಹೆಸರು ಕೊಟ್ಟರೆ ‘ಬ್ಯಾಡ್ ರಿಕ್ವೆಸ್ಟ್’, ಐಪಿ ಕೊಟ್ಟರೆ ಕೆಲಸ ಮಾಡುತ್ತೆ.

ಉತ್ತರ
ತನಗೆ ಗೊತ್ತಿಲ್ಲದ ಹೆಸರಲ್ಲಿ ಕರೆದರೆ ಕಪ್ಸ್ ಓಗೊಡಲ್ಲ. ಅದರ ಕಾನ್ಫಿಗ್ ಫೈಲ್‌ನಲ್ಲಿ ‘ಸರ್ವರ್‌ಅಲಿಯಾಸ್’ ಸಾಲಿಗೆ ಆ ಹೆಸರು ಸೇರಿಸಿ ರೀಸ್ಟಾರ್ಟ್ ಮಾಡಿ. ಐಪಿಯನ್ನೇ ಬಳಸುವುದಾದರೆ ರೂಟರ್‌ನಲ್ಲಿ ಪೈಗೆ ಅದನ್ನು ಕಾಯಂ ಮಾಡಿಡಿ. ಗೆಸ್ಟ್ ವೈಫೈನಲ್ಲಿರುವ ಫೋನ್‌ಗಳಿಗೆ ಪ್ರಿಂಟರ್ ಸಾಮಾನ್ಯವಾಗಿ ಕಾಣಲ್ಲ.