ಬಾಲಯೇಸುವಿಗೆ ಹೊತ್ತ ಹರಕೆಯನ್ನು ದುಡ್ಡು ಕೊಟ್ಟು ತೀರಿಸಬಹುದಾ?

ಗುರುವಾರದ ಆಟೋ:
ನಾನು ಬೆಂಗಳೂರಿನ ಲಿಂಗರಾಜಪುರದವನು, ಆಟೋ ಓಡಿಸುತ್ತೇನೆ. ಎರಡು ವರ್ಷದ ಹಿಂದೆ ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದಳು. ತೂಕ 1 ಕೆಜಿ 200 ಗ್ರಾಂ. 26 ದಿನ ಗಾಜಿನ ಪೆಟ್ಟಿಗೆಯಲ್ಲೇ ಇದ್ದಳು. ಒಂದು ರಾತ್ರಿ ಡಾಕ್ಟರ್ ನನ್ನ ಮುಖ ನೋಡದೆ ಹಾಗೇ ಹೊರಟುಹೋದರು. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಬಾಲಯೇಸುವಿಗೆ ಹರಕೆ ಹೊತ್ತೆ. ಮಗು ಮನೆಗೆ ಬಂದರೆ ಒಂದು ವರ್ಷ, ಪ್ರತಿ ಗುರುವಾರ, ನಮ್ಮ ಬೀದಿಯ ವಯಸ್ಸಾದವರನ್ನು ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಪುಕ್ಕಟೆ ಕರೆದುಕೊಂಡು ಹೋಗಿ ಬರುತ್ತೇನೆ ಅಂತ.

ಮಗು ಬಂತು. ಈಗ ಮನೆಯೆಲ್ಲಾ ಓಡಾಡುತ್ತಾಳೆ.

ಮೂವರು ಅಜ್ಜಿಯರನ್ನು 19 ಗುರುವಾರ ಕರೆದುಕೊಂಡು ಹೋದೆ. ಆಮೇಲೆ ಗಾಡಿ ಸಾಲದ ಕಂತು, ಮನೆ ಬಾಡಿಗೆ. ಒಂದು ಗುರುವಾರ ತಪ್ಪಿಸಿದೆ. ಎರಡನೇದು ತಪ್ಪಿಸುವಾಗ ಅಷ್ಟು ಕಷ್ಟ ಆಗಲಿಲ್ಲ. ಒಬ್ಬ ಅಜ್ಜಿ ಫೋನ್ ಮಾಡಿ "ಇವತ್ತು ಬರ್ತೀಯೇನಪ್ಪಾ?" ಅಂದರು. ಗಾಡಿ ಗ್ಯಾರೇಜಲ್ಲಿದೆ ಅಂದೆ. ಗಾಡಿ ಬಾಗಿಲಲ್ಲೇ ನಿಂತಿತ್ತು.

ಬಾಕಿ ದುಡ್ಡನ್ನು ಹುಂಡಿಗೆ ಹಾಕಿ ಮುಗಿಸಿ ಅಂತಾಳೆ ಹೆಂಡತಿ. ಲೆಕ್ಕವನ್ನೂ ಹಾಕಿದೆ. ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ನಮ್ಮನೆಯಿಂದ 8 ಕಿ.ಮೀ. ಅಂದರೆ 144, ಹೋಗಿ ಬರಲು 288. ಬಾಕಿ 33 ಗುರುವಾರಕ್ಕೆ 9,504. ವೇಟಿಂಗ್ ಸೇರಿಸಿಲ್ಲ. (ದೇವರಿಗೆ ವೇಟಿಂಗ್ ಹಾಕಬೇಕಾ?) ಹೀಗೆ ಕೊಟ್ಟರೆ ಹರಕೆ ತೀರುತ್ತಾ?

ಹಳೇ ಉಪದೇಶಿ:
ತಮ್ಮಾ, ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಮೇಲು ಅಂತ ಬೈಬಲಿನ ಉಪದೇಶಕ ಗ್ರಂಥದ 5ನೇ ಅಧ್ಯಾಯದಲ್ಲಿದೆ. ಹಾಗಂತ ಹೆದರಬೇಡ. ಯಾಜಕಕಾಂಡ 27:8 ನೋಡು. ಹರಕೆಯ ಮೊತ್ತ ಕೊಡಲಾಗದ ಬಡವನಿಗೆ, ಅವನ ಕೈಲಾದಷ್ಟನ್ನು ಯಾಜಕನೇ ಗೊತ್ತುಮಾಡಬೇಕು ಅಂತಿದೆ.

1983ರ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲೂ ದಾರಿಯಿದೆ. ಖಾಸಗಿ ಹರಕೆಯನ್ನು ಅಷ್ಟೇ ಒಳ್ಳೆಯದಕ್ಕೋ ಇನ್ನೂ ಒಳ್ಳೆಯದಕ್ಕೋ ನೀನೇ ಬದಲಾಯಿಸಿಕೊಳ್ಳಬಹುದು (ನಿಯಮ 1197). ಕಡಿಮೆ ಮಾಡಬೇಕಾದರೆ ವಿಚಾರಣಾ ಗುರುಗಳ, ಅಂದರೆ ನಿಮ್ಮ ಚರ್ಚಿನ ಪಾದ್ರಿಗಳ ಹತ್ತಿರ ಹೋಗಬೇಕು. ಗೊತ್ತುಮಾಡಿದ ಅವಧಿ ಮುಗಿದರೆ ಹರಕೆಯೂ ಮುಗಿಯುತ್ತದೆ ಅನ್ನುವ ಮಾತೂ ಇದೆ (1194). ಆದರೆ ಅದನ್ನು ನಿನಗೆ ಬೇಕಾದ ಹಾಗೆ ನೀನೇ ಓದಿಕೊಳ್ಳಬೇಡ.

ಒಂದು ಗಮನಿಸು. ಗುರುಗಳು ಹರಕೆಯಿಂದ ಬಿಡುಗಡೆ ಕೊಡುವಾಗಲೂ ಬೇರೆಯವರಿಗೆ ಸಿಕ್ಕಿರುವ ಹಕ್ಕಿಗೆ ಧಕ್ಕೆ ಆಗಬಾರದು ಅಂತ 1196ರಲ್ಲಿದೆ. ಅಜ್ಜಿಯರಿಗೆ ಕಾನೂನಿನ ಪ್ರಕಾರ ಹಕ್ಕು ಇದೆಯೋ ಇಲ್ಲವೋ, ಅದನ್ನು ಗುರುಗಳು ನೋಡಲಿ. ಹುಂಡಿಗೆ 9,504 ಬಿದ್ದರೆ ಅವರು ವಿವೇಕನಗರಕ್ಕೆ ಹೇಗೆ ಹೋಗುತ್ತಾರೆ?

ಸಿಎಸ್‌ಐ ಹುಡುಗಿ:
ನಾವು ಪ್ರಾಟೆಸ್ಟೆಂಟರು, ನಮ್ಮ ಮನೆಯಲ್ಲಿ ಹರಕೆ ಹೊರುವ ಪದ್ಧತಿ ಇಲ್ಲ. ಬೈಬಲಿನ ಯೆಫ್ತಾಹ ದುಡುಕಿ ಹರಕೆ ಹೊತ್ತು ಮಗಳಿಗೇ ಆಪತ್ತು ತಂದ ಕಥೆ (ನ್ಯಾಯಸ್ಥಾಪಕರು 11) ಚಿಕ್ಕಂದಿನಿಂದ ಕೇಳಿದ್ದೇನೆ. ನಿಮ್ಮ ಹರಕೆ ಅಂಥದ್ದಲ್ಲ ಬಿಡಿ ಅಣ್ಣ, ತುಂಬಾ ಒಳ್ಳೆಯದು. ಆದರೆ ಮತ್ತಾಯ 5:37ರಲ್ಲಿ ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಅನ್ನಿ ಅಂತಾರಲ್ವಾ ಯೇಸು? ಅದಕ್ಕೇ ನನಗೆ 33 ಗುರುವಾರಕ್ಕಿಂತ ಆ ಗ್ಯಾರೇಜ್ ಸುಳ್ಳೇ ಜಾಸ್ತಿ ಚುಚ್ಚಿತು.

ಮೀಟರ್ ಮೇಲೆ ಒಂದೂವರೆ:
ನಾನೂ ಆಟೋದವನೇ ಗುರೂ. ಗುರುವಾರ ಸಂಜೆ ಬಾಡಿಗೆ ಬಿಡೋದು ಎಷ್ಟು ಕಷ್ಟ ಅಂತ ಇಲ್ಲಿ ಯಾರಿಗೂ ಗೊತ್ತಾಗಲ್ಲ. ಬೆಳಗಿನ ಪೂಜೆಗೆ ಕರ್ಕೊಂಡು ಹೋಗು. ಒಂಬತ್ತಕ್ಕೆಲ್ಲಾ ವಾಪಸ್ ರೋಡಲ್ಲಿ ಇರ್ತೀಯ.

ಗುರುವಾರದ ಆಟೋ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಪಾಪನಿವೇದನೆ ಮಾಡಿ, ಆಮೇಲೆ ಗುರುಗಳ ಹತ್ತಿರ ಹರಕೆ ವಿಷಯ ಕೇಳಿದೆ. ಅವರು ಕೇಳಿದ್ದು ಒಂದೇ: "ತಿಂಗಳಿಗೆ ಎಷ್ಟು ಸಲ ಆಗುತ್ತೆ? ನಿಜ ಹೇಳು." ಎರಡು ಅಂದೆ. ಹಾಗೇ ಮಾಡು, 33 ಮುಗಿಯುವವರೆಗೆ ಅಂದರು. ಹುಂಡಿ ಸುದ್ದಿ ಎತ್ತಲೇ ಇಲ್ಲ.

ಅಲ್ಲಿಂದ ಸೀದಾ ಫೋನ್ ಮಾಡಿದ್ದ ಅಜ್ಜಿ ಮನೆಗೆ ಹೋದೆ. ಮೂವರಲ್ಲಿ ಒಬ್ಬರು ಹೊಸೂರಿನ ಮಗನ ಮನೆ ಸೇರಿದ್ದಾರಂತೆ. ಅವರಿಗೆ ನಾನು ಏನು ಮಾಡೋದು, ಗೊತ್ತಾಗುತ್ತಿಲ್ಲ. ಗ್ಯಾರೇಜ್ ಸುಳ್ಳನ್ನು ಒಪ್ಪಿಕೊಂಡೆ. ಅಜ್ಜಿ ನಕ್ಕರು. ಅವತ್ತು ಹಾಲು ತರಲು ಬಂದಾಗ ಗಾಡಿ ನೋಡಿದ್ದರಂತೆ.

ನಾಳೆ 20ನೇ ಗುರುವಾರ. ಬೆಳಿಗ್ಗೆ ಐದೂವರೆಗೆ ಬರಬೇಕಂತೆ, ಹಾರ್ನ್ ಹೊಡೆಯಬಾರದಂತೆ.